ದ್ರಾವಕದ ಆವಿ ಮತ್ತು ಮೂತ್ರಪಿಂಡದ ಕ್ಯಾನ್ಸರ್: ನಂಟು ಬಯಲಾದ ಬಗೆ

ಬೀದರ್ ನಗರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಹಾಗೂ ರಾಸಾಯನಿಕ ಘಟಕಗಳಿವೆ. ಭಾಲ್ಕಿ, ಔರಾದ್ ತಾಲ್ಲೂಕುಗಳಿಂದ ದುಡಿಮೆಗಾಗಿ ಹೈದರಾಬಾದಿನ ಕಡೆಗೆ ಹೋಗುವವರೂ ಉಂಟು. ಔಷಧಿ ತಯಾರಿಕೆ, ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವುದು, ಬಣ್ಣ, ಅಂಟು, ಡ್ರೈಕ್ಲೀನಿಂಗ್ ಮುಂತಾದ ಕೆಲಸಗಳಿಗೆ ಸಾವಯವ ದ್ರಾವಕಗಳು ಬೇಕು. ಎಲ್ಲ ದ್ರಾವಕಗಳ ಅಪಾಯವೂ ಒಂದೇ ಬಗೆಯದಲ್ಲ. ಆದರೆ ಇವುಗಳಲ್ಲಿ ಒಂದಾದ ಟ್ರೈಕ್ಲೋರೋಎಥಿಲೀನ್ ಮೂತ್ರಪಿಂಡದ ಕ್ಯಾನ್ಸರಿಗೆ ಕಾರಣವೆಂಬುದು ಈಗ ಖಚಿತವಾಗಿದೆ. ಅದನ್ನು ಕಂಡುಕೊಂಡ ಬಗೆ ನಮಗೂ ಪಾಠವಾಗಬಲ್ಲದು.

ಬೆಂಕಿ ಹಿಡಿಯದ ದ್ರಾವಕ

ಎರಡು ಇಂಗಾಲ, ಒಂದು ಜಲಜನಕ, ಮೂರು ಕ್ಲೋರಿನ್ ಪರಮಾಣುಗಳ ಈ ಸಂಯುಕ್ತವನ್ನು 1864ರಲ್ಲಿ ಫಿಷರ್ ಎಂಬ ರಸಾಯನಜ್ಞ ತಯಾರಿಸಿದನು. 1920ರ ದಶಕದ ನಂತರ ಇದರ ಬಳಕೆ ವ್ಯಾಪಕವಾಯಿತು. ಪೆಟ್ರೋಲಿನಂತೆ ಸುಲಭವಾಗಿ ಬೆಂಕಿ ಹಿಡಿಯದ ಕಾರಣ ಇದನ್ನು ಸುರಕ್ಷಿತವೆಂದೇ ಭಾವಿಸಲಾಗಿತ್ತು. ಹೆರಿಗೆಯ ವೇಳೆ ನೋವು ಶಮನಕ್ಕೂ, ಕಾಫಿಯಿಂದ ಕೆಫೀನ್ ತೆಗೆಯಲೂ ಬಳಸಿದ್ದುಂಟು! 1976ರಲ್ಲಿ ಪ್ರಯೋಗದ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳು ಕಂಡುಬಂದವು. ಮುಂದಿನ ಪ್ರಯೋಗಗಳಲ್ಲಿ ಮೂತ್ರಪಿಂಡದಲ್ಲಿಯೂ ಕಾಣಿಸಿಕೊಂಡವು. 1977ರಲ್ಲಿ ಅಮೆರಿಕ ಇದರ ವೈದ್ಯಕೀಯ ಹಾಗೂ ಆಹಾರ ಬಳಕೆಯನ್ನು ನಿಷೇಧಿಸಿತು. ಕಾರ್ಖಾನೆಗಳಲ್ಲಿ ಮಾತ್ರ ಬಳಕೆ ಮುಂದುವರಿಯಿತು.

ರಟ್ಟಿನ ಕಾರ್ಖಾನೆಯ ಹಾಜರಿ ಪುಸ್ತಕ

ಇಲಿಯಲ್ಲಿ ಆದದ್ದು ಮನುಷ್ಯನಲ್ಲೂ ಆಗಬೇಕೆಂದಿಲ್ಲ. 1995ರಲ್ಲಿ ಜರ್ಮನಿಯ ಹೆನ್‌ಷ್ಲರ್ ಮತ್ತು ಸಂಗಡಿಗರು ಒಂದು ರಟ್ಟಿನ ಕಾರ್ಖಾನೆಯ ಅಧ್ಯಯನ ಪ್ರಕಟಿಸಿದರು. ದ್ರಾವಕದ ಆವಿ ಸೇವಿಸಿದ್ದ 169 ಕಾರ್ಮಿಕರಲ್ಲಿ ಐವರಿಗೆ ಮೂತ್ರಪಿಂಡದ ಕ್ಯಾನ್ಸರ್ ಬಂದಿತ್ತು. ಅದೇ ಕಾರ್ಖಾನೆಯಲ್ಲಿದ್ದು ಆವಿಗೆ ಒಡ್ಡಿಕೊಳ್ಳದ 190 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಸಂಖ್ಯೆ ಚಿಕ್ಕದೆಂದು ಆಕ್ಷೇಪಗಳು ಬಂದವು. ಆದರೆ 2006ರಲ್ಲಿ ಫ್ರಾನ್ಸಿನ ಆರ್ವ್ ಕಣಿವೆಯ ಸ್ಕ್ರೂ ತಯಾರಿಕಾ ಘಟಕಗಳ ಸುತ್ತ ನಡೆದ ಅಧ್ಯಯನದಲ್ಲಿಯೂ, ಹೆಚ್ಚು ಆವಿ ಸೇವಿಸಿದವರಿಗೆ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡುಬಂತು.

ಯಕೃತ್ತಿನಿಂದ ಮೂತ್ರಪಿಂಡಕ್ಕೆ

ಮೂತ್ರಪಿಂಡವೇ ಏಕೆ? ಶರೀರ ಸೇರಿದ ದ್ರಾವಕದ ಒಂದು ಚಿಕ್ಕ ಭಾಗ ಯಕೃತ್ತಿನಲ್ಲಿ ಗ್ಲುಟಾಥಯೋನ್ ಜೊತೆ ಕೂಡುತ್ತದೆ. ಇದು ವಿಷವನ್ನು ಹೊರಹಾಕಲು ಶರೀರ ಹೂಡುವ ಉಪಾಯ. ಈ ಸಂಯುಕ್ತ ಮೂತ್ರಪಿಂಡ ತಲುಪಿದಾಗ ಅಲ್ಲಿನ ಬೀಟಾ-ಲಯೇಸ್ ಎಂಬ ಕಿಣ್ವ ಅದನ್ನು ಒಡೆದು ಅತಿ ಕ್ರಿಯಾಶೀಲ ಪದಾರ್ಥವನ್ನಾಗಿಸುತ್ತದೆ. ಅದು ಮೂತ್ರನಳಿಕೆಗಳ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಕಾಪಾಡುವ ವ್ಯವಸ್ಥೆಯೇ ಇಲ್ಲಿ ಮುಳುವಾಗುತ್ತದೆ. ಈ ಎಲ್ಲ ಪುರಾವೆಗಳನ್ನು ತೂಗಿ ನೋಡಿ 2012ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಟ್ರೈಕ್ಲೋರೋಎಥಿಲೀನನ್ನು ಮೊದಲನೆಯ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಎಲ್ಲ ಬಳಕೆಯನ್ನೂ ಹಂತಹಂತವಾಗಿ ನಿಲ್ಲಿಸುವ ನಿಯಮ ಪ್ರಕಟಿಸಿತು.

ನಮಗೇನು ಪಾಠ?

ಯಾರು, ಯಾವ ವಿಭಾಗದಲ್ಲಿ, ಎಷ್ಟು ವರ್ಷ ದುಡಿದರೆಂಬ ದಾಖಲೆ ಉಳಿದಿದ್ದರಿಂದಲೇ ಜರ್ಮನಿಯಲ್ಲಿ ಆ ಲೆಕ್ಕ ಸಾಧ್ಯವಾಯಿತು. ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ಔರಾದಿನಿಂದ ಹೋಗಿ ಗುತ್ತಿಗೆ ಆಧಾರದಲ್ಲಿ ನಾಲ್ಕಾರು ಕಡೆ ದುಡಿದು ಊರಿಗೆ ಮರಳಿದವನಿಗೆ ಮೂತ್ರದಲ್ಲಿ ರಕ್ತ ಕಂಡರೆ, ಅದನ್ನು ಹಳೆಯ ಕೆಲಸದೊಂದಿಗೆ ಜೋಡಿಸಿ ನೋಡುವವರು ಯಾರು? "ನೀವು ಯಾವ ಕೆಲಸ ಮಾಡುತ್ತೀರಿ?" ಎಂದು ರೋಗಿಯನ್ನು ಕೇಳಬೇಕೆಂದು ಇಟಲಿಯ ವೈದ್ಯ ರಾಮಾಜ಼ಿನಿ 1700ರಲ್ಲಿಯೇ ಹೇಳಿದ್ದನು.

ಶಿಕ್ಷಕರು ಈ ವಿಷಯವನ್ನು ತರಗತಿಯಲ್ಲಿ ಚರ್ಚಿಸಬಹುದು. ಈ ಆವಿ ಗಾಳಿಗಿಂತ ಸುಮಾರು ನಾಲ್ಕೂವರೆ ಪಟ್ಟು ಭಾರ. ಆದುದರಿಂದ ತೊಟ್ಟಿ, ಗುಂಡಿಗಳ ತಳದಲ್ಲಿ ನಿಲ್ಲುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಧೂಳನ್ನು ಒಂದಿಷ್ಟು ತಡೆದೀತು, ಆವಿಯನ್ನು ತಡೆಯದು. ಡಬ್ಬಿಯ ಮೇಲಿನ ಹೆಸರು, ಕೆಲಸದ ಸ್ಥಳ ಮತ್ತು ಇಸವಿಯನ್ನು ಕಾರ್ಮಿಕರ ಮನೆಯ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸಾಕು. ಮುಂದೊಂದು ದಿನ ವೈದ್ಯರಿಗೆ ಅದೇ ಮುಖ್ಯ ಸುಳಿವಾಗಬಹುದು.