ಹುಣಸೆ ಮರದ ಲೆಕ್ಕ, ಹೆಜ್ಜಾರ್ಲೆಯ ತವರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರವಿರುವ ರೈತನಿಗೆ ಪ್ರತಿವರ್ಷವೂ ಒಂದು ಇಕ್ಕಟ್ಟು. ಹುಣಸೆ ಹಣ್ಣು ಉದುರಿಸುವ ಕಾಲವೂ ಆ ಮರದಲ್ಲಿ ಹಕ್ಕಿಗಳು ಮರಿ ಸಾಕುವ ಕಾಲವೂ ಒಂದೇ. ಕೋಲು ಹಿಡಿದು ಕೊಂಬೆ ಬಡಿದರೆ ಹಣ್ಣಿನ ಜೊತೆಗೆ ಮರಿಗಳೂ ನೆಲಕ್ಕೆ ಬೀಳುತ್ತವೆ. ಬಡಿಯದಿದ್ದರೆ ಆ ವರ್ಷದ ಫಸಲು ಹೋದಂತೆಯೇ. ತಲೆಮಾರುಗಳಿಂದ ಇಲ್ಲಿನ ಅನೇಕ ಕುಟುಂಬಗಳು ಕೋಲನ್ನು ಕೆಳಗಿಟ್ಟೇ ಬಂದಿವೆ.

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿದರೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ ಈ ಊರಿದೆ. ಚಳಿಗಾಲದ ಆರಂಭದಿಂದ ಬೇಸಿಗೆ ಮುಗಿಯುವವರೆಗೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ ಎಂದರೆ ಉದ್ದನೆಯ ಕೊಕ್ಕಿನ ಕೆಳಗೆ ಚೀಲ ತೂಗುವ ದೊಡ್ಡ ನೀರುಹಕ್ಕಿ. ಅವು ಗೂಡು ಕಟ್ಟುವುದು ದೂರದ ಕಾಡಿನಲ್ಲಲ್ಲ. ಮನೆಗಳ ನಡುವಿನ, ಹಿತ್ತಿಲ ಹುಣಸೆ, ಅರಳಿ, ಅತ್ತಿ ಮರಗಳಲ್ಲಿ. ಮೇಲೆ ಮರಿಗಳ ಗಲಾಟೆ, ಕೆಳಗೆ ದನ ಕಟ್ಟುವ ಜಾಗ. ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಕರೆಯುತ್ತಾರೆ. ಅವು ಬಂದರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆಯೂ ಇದೆ. ಹಿಂದೆ ನದಿಯ ದಡದಲ್ಲಿದ್ದ ಊರನ್ನು ಪ್ಲೇಗಿಗೆ ಹೆದರಿ ಜನ ಬಿಟ್ಟು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ.

ಆದರೆ ಈ ಸಂಬಂಧ ನಂಬಿಕೆಯ ಬಲದಿಂದಷ್ಟೇ ನಿಂತದ್ದಲ್ಲ. ಅದರ ಹಿಂದೆ ರೈತನ ಲೆಕ್ಕಾಚಾರವೂ ಇತ್ತು.

ಗೊಬ್ಬರದ ಗುಂಡಿ

ಹೆಜ್ಜಾರ್ಲೆಯ ಮರಿ ಹಾರಲು ಕಲಿಯಲು ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಷ್ಟು ದಿನವೂ ತಾಯಿ ತಂದೆ ಹಕ್ಕಿಗಳು ಕೆರೆಗಳಿಂದ ಮೀನು ತಂದು ಉಣಿಸುತ್ತವೆ. ಮರದ ಕೆಳಗೆ ಬೀಳುವ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೇರಳ. ಊರಿನವರು ಮರದ ಬುಡದಲ್ಲಿ ಗುಂಡಿ ತೋಡಿ, ಅದಕ್ಕೆ ಕೆರೆಗೋಡು ತುಂಬಿ, ಬಿದ್ದ ಹಿಕ್ಕೆಯೊಂದಿಗೆ ಬೆರೆಸಿ ಹೊಲಕ್ಕೆ ಹಾಕುತ್ತಿದ್ದರು. ಬೇರೆ ಬೇರೆ ಕೆರೆಗಳ ಸಾರವನ್ನು ಹಕ್ಕಿಗಳೇ ಹೊತ್ತು ತಂದು ಮನೆಯ ಹಿತ್ತಿಲಿಗೆ ಸುರಿದಂತೆ. ಹುಣಸೆಯಲ್ಲಿ ಕಳೆದುಕೊಂಡದ್ದರ ಒಂದು ಪಾಲು ಹೊಲದಲ್ಲಿ ಮರಳಿ ಬರುತ್ತಿತ್ತು.

ಇಂಥ ಒಪ್ಪಂದ ದಕ್ಷಿಣ ಭಾರತಕ್ಕೆ ಹೊಸದಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಬಳಿಯ ವೇಡಂತಾಂಗಲ್ ಗ್ರಾಮದ ಕೆರೆಯಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆ ಬೆರೆತ ಕೆರೆಯ ನೀರೇ ಅಲ್ಲಿನ ಗದ್ದೆಗಳಿಗೆ ಗೊಬ್ಬರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೈನಿಕರು ಅಲ್ಲಿ ಹಕ್ಕಿಗಳಿಗೆ ಗುಂಡು ಹಾರಿಸತೊಡಗಿದಾಗ ಗ್ರಾಮಸ್ಥರು ದೂರು ಒಯ್ದರು. 1798ರಲ್ಲಿ ಕಲೆಕ್ಟರ್ ಲಯೊನೆಲ್ ಪ್ಲೇಸ್, ಹಕ್ಕಿಗಳನ್ನು ಕಾಯುವ ಹಕ್ಕು ಗ್ರಾಮದವರದೆಂದು ಕೌಲು ಬರೆದುಕೊಟ್ಟ. 1858ರಲ್ಲಿ ಅದು ನವೀಕರಣವಾಯಿತು. ಭಾರತದಲ್ಲಿ ವನ್ಯಜೀವಿ ಕಾಯ್ದೆ ಬರುವುದಕ್ಕೆ ಬಹಳ ಮೊದಲೇ ರೈತರು ಹಕ್ಕಿಗಳ ಪರವಾಗಿ ಸರ್ಕಾರದ ಬಾಗಿಲು ತಟ್ಟಿ ಗೆದ್ದ ಪ್ರಸಂಗವಿದು. ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದ ಪಕ್ಷಿತಜ್ಞ ಟಿ. ಸಿ. ಜೆರ್ಡನ್ ಕೂಡ 1864ರಲ್ಲಿ ಪ್ರಕಟವಾದ ಸಂಪುಟದಲ್ಲಿ, ಕರ್ನಾಟಿಕ್ ಪ್ರಾಂತ್ಯದ ಹಳ್ಳಿಯೊಂದರ ನಡುವೆ ಜನರ ಓಡಾಟಕ್ಕೆ ಅಂಜದೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ಕಂಡುದಾಗಿ ದಾಖಲಿಸಿದ್ದಾನೆ.

ಒಪ್ಪಂದ ಇಲ್ಲದ ಕಡೆ ಇದೇ ಹಕ್ಕಿಯ ಗತಿ ಏನಾಯಿತು ಎಂಬುದಕ್ಕೆ ಬರ್ಮಾ ಸಾಕ್ಷಿ. ಅಲ್ಲಿನ ಸಿತ್ತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಯೂಜಿನ್ ಓಟ್ಸ್ ಲೆಕ್ಕಕ್ಕೆ ಸಿಗದಷ್ಟು ಹೆಜ್ಜಾರ್ಲೆಗಳನ್ನು ಕಂಡಿದ್ದ. ಗೂಡಿನ ಮರಗಳು ಉರುಳಿದವು. ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಆ ಬೃಹತ್ ಸಮೂಹವೂ ಇಲ್ಲವಾಯಿತು. ಮರ ಹೋದರೆ ಹಕ್ಕಿಯೂ ಹೋಗುತ್ತದೆ. ಮರ ಯಾರದು, ಅದನ್ನು ಉಳಿಸಲು ಅವರಿಗೆ ಏನು ಕಾರಣ ಎಂಬುದೇ ಮುಖ್ಯ ಪ್ರಶ್ನೆ.

ಲೆಕ್ಕ ತಪ್ಪಿದಾಗ

ಕರ್ನಾಟಕದಲ್ಲಿ ಹಕ್ಕಿಗಳ ರಕ್ಷಣೆಗೆ ಇನ್ನೊಂದು ದಾರಿಯೂ ಇತ್ತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಕಾವೇರಿಯ ನಡುಗಡ್ಡೆಗಳನ್ನು ರಂಗನತಿಟ್ಟು ಪಕ್ಷಿಧಾಮವನ್ನಾಗಿ ಮಾಡಿತು. ನಡುಗಡ್ಡೆಯಲ್ಲಿ ಮನೆಗಳಿಲ್ಲ, ಸರ್ಕಾರವೇ ಕಾವಲು. ಬೆಳ್ಳೂರಿನಲ್ಲಿ ಹಾಗಲ್ಲ. ಮರಗಳು ಖಾಸಗಿ, ಹಕ್ಕಿಗಳು ಯಾರ ಸೊತ್ತೂ ಅಲ್ಲ. ಊರನ್ನು ಎಬ್ಬಿಸದೆ ಅದನ್ನು ಪಕ್ಷಿಧಾಮ ಮಾಡುವಂತಿರಲಿಲ್ಲ. ಊರೇ ಇಲ್ಲದಿದ್ದರೆ ಹಕ್ಕಿಗಳನ್ನು ಕಾಯುವವರೂ ಇರುತ್ತಿರಲಿಲ್ಲ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಈ ಊರಿನ ಹೆಜ್ಜಾರ್ಲೆಗಳನ್ನು ಹೊರಜಗತ್ತಿಗೆ ಪರಿಚಯಿಸಿದರು. ಆ ಹೊತ್ತಿಗಾಗಲೇ ಹಳೆಯ ಲೆಕ್ಕ ಸಡಿಲವಾಗತೊಡಗಿತ್ತು. ಚೀಲದ ರಸಗೊಬ್ಬರ ಬಂದ ಮೇಲೆ ಹಿಕ್ಕೆಯ ಗುಂಡಿಗೆ ಹಿಂದಿನ ಬೆಲೆ ಉಳಿಯಲಿಲ್ಲ. ಹಣದ ಅಡಚಣೆ ಬಂದಾಗ ಹುಣಸೆ ಮರ ಮಾರಿದರೆ ಕೈಗೆ ಕಾಸು ಬರುತ್ತಿತ್ತು. ಹಕ್ಕಿಯ ಮೇಲಿನ ಪ್ರೀತಿ ಹಾಗೇ ಇದ್ದರೂ ಅದರ ಖರ್ಚು ಮಾತ್ರ ಮರದ ಒಡೆಯನ ತಲೆಗೆ ಕಟ್ಟಿದಂತಾಯಿತು. ಗೂಡಿರುವ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಕ್ರಮವನ್ನು ಅರಣ್ಯ ಇಲಾಖೆ ಜಾರಿಗೆ ತಂದದ್ದು ಇದಕ್ಕಾಗಿಯೇ. ಮರದ ಫಸಲಿನ ಮುಂದೆ ಆ ಮೊತ್ತ ಸಣ್ಣದು ಎಂಬ ದೂರು ಅದರ ಬೆನ್ನಿಗೇ ಬಂತು. ದೂರಿನಲ್ಲಿ ನ್ಯಾಯವಿದೆ. ನಾಡಿಗೆಲ್ಲ ಬೇಕಾದ ಹಕ್ಕಿಯನ್ನು ಸಾಕುವ ವೆಚ್ಚ ಕೆಲವೇ ಮನೆಗಳ ಮೇಲೆ ಬೀಳಬಾರದು.

1994ರಲ್ಲಿ ಮೈಸೂರಿನ ನಿಸರ್ಗಾಸಕ್ತರ ನೆರವಿನಿಂದ ಊರಿನಲ್ಲಿ ಹೆಜ್ಜಾರ್ಲೆ ಬಳಗ ಹುಟ್ಟಿಕೊಂಡಿತು. ಗೂಡಿನಿಂದ ಬಿದ್ದ ಮರಿ ನಾಯಿಯ ಪಾಲಾಗುವುದು ಅಥವಾ ಹಸಿವಿನಿಂದ ಸಾಯುವುದು ಸಾಮಾನ್ಯವಾಗಿತ್ತು. ಊರಿನ ಯುವಕರು ಅಂಥ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗೆ ಇಟ್ಟು ಮೀನು ಹಾಕಿ ಬೆಳೆಸಿ, ರೆಕ್ಕೆ ಬಲಿತ ಮೇಲೆ ಬಿಡತೊಡಗಿದರು. 2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಜನರನ್ನು ಎಬ್ಬಿಸದೆ, ಅವರ ಭೂಮಿಯ ಹಕ್ಕನ್ನು ಕಸಿಯದೆ ರಕ್ಷಣೆ ಕೊಡುವ ‘ಸಮುದಾಯ ಮೀಸಲು’ ಎಂಬ ಹೊಸ ವರ್ಗವನ್ನು ತಂದಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಆ ಪಟ್ಟಿಗೆ ಸೇರಿತು.

ಆದರೂ ಊರಿನ ಕೈಯಲ್ಲಿ ಎಲ್ಲವೂ ಇಲ್ಲ. ಗೂಡು ಬೆಳ್ಳೂರಿನಲ್ಲಿದ್ದರೂ ಊಟ ಸುತ್ತಲಿನ ಕೆರೆಗಳಲ್ಲಿ. ಆ ಕೆರೆಗಳು ಒಣಗಿದರೆ, ಹೂಳು ತುಂಬಿದರೆ, ಚರಂಡಿ ನೀರು ಸೇರಿದರೆ ಅದರ ಪೆಟ್ಟು ಬೀಳುವುದು ಗೂಡಿನ ಮರಿಗೆ. 2017ರ ಕೊನೆ ಮತ್ತು 2018ರ ಆರಂಭದ ತಿಂಗಳುಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಇಲ್ಲಿ ಸತ್ತವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಕಂಡುಬಂದವು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಊರಿನವರು ಮರವನ್ನು ಕಾಯಬಲ್ಲರು. ಹತ್ತೂರಿನ ಕೆರೆಯನ್ನು ಕಾಯಲು ಹತ್ತೂರಿನವರೇ ಬೇಕು.

ಪೇಟೆಯವರ ಪಾಲು

ಹೆಜ್ಜಾರ್ಲೆ ಬಾರದ ಊರಿನಲ್ಲೂ ಬೆಳ್ಳೂರಿನ ದಾರಿ ಹಿಡಿಯಬಹುದು. ಸಾಲುಮರದ ಅತ್ತಿ, ಅರಳಿ, ಬಸರಿಯನ್ನು ರಸ್ತೆ ಅಗಲಿಸುವ ನೆಪದಲ್ಲಿ ಕಡಿಯಲು ಬಂದಾಗ ವಾರ್ಡಿನವರು ಒಟ್ಟಾಗಿ ಕೇಳಬಹುದು. ಹೊಸದಾಗಿ ನೆಡುವಾಗ ಅಲಂಕಾರದ ವಿದೇಶಿ ಗಿಡದ ಬದಲು ಹೊಂಗೆ, ನೇರಳೆ, ಹುಣಸೆ ನೆಟ್ಟರೆ ತುಡುವೆ ಜೇನಿಗೆ ಹೂವು, ಹಕ್ಕಿಗೆ ಆಸರೆ. ಗೂಡಿರುವ ಕೊಂಬೆ ಸವರುವುದನ್ನು ಮರಿ ಹಾರುವವರೆಗೆ ಮುಂದೂಡಬಹುದು. ಹೂ ಬಿಟ್ಟ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸದಿದ್ದರೆ ಜೇನು ಉಳಿಯುತ್ತದೆ. ಕೆರೆಯಂಗಳಕ್ಕೆ ಕಸ ಸುರಿಯುವುದನ್ನು ತಡೆಯುವುದೂ ಹಕ್ಕಿಗೆ ಮೀನು ಉಣಿಸಿದಂತೆಯೇ.

ಇದರಲ್ಲಿ ಯಾವುದೂ ದೊಡ್ಡ ತ್ಯಾಗವಲ್ಲ. ಬೆಳ್ಳೂರಿನವರು ಮಾಡಿದ್ದೂ ತ್ಯಾಗವೆಂದು ಹೇಳಿಕೊಂಡು ಅಲ್ಲ. ಹುಣಸೆಯಲ್ಲಿ ಒಂದು ಪಾಲು ಬಿಟ್ಟರು, ಹೊಲದಲ್ಲಿ ಒಂದು ಪಾಲು ಪಡೆದರು. ಆ ಕೊಡುಕೊಳ್ಳುವಿಕೆ ಏರುಪೇರಾದಾಗ ಹೊರಗಿನವರು ತಮ್ಮ ಪಾಲನ್ನೂ ಹಾಕಬೇಕಾಯಿತು. ಮಗಳು ತವರಿಗೆ ಬಂದಾಗ ಬಾಣಂತನದ ಖರ್ಚು ಒಂದೇ ಮನೆಯದಾದರೂ ಬಂಧುಗಳೆಲ್ಲ ಏನಾದರೊಂದು ತಂದು ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಹೆಜ್ಜಾರ್ಲೆಯ ವಿಷಯದಲ್ಲೂ ಆ ರೂಢಿ ಮುಂದುವರಿಯಬೇಕಾಗಿದೆ.