ಎಡಿಎಚ್‌ಡಿ: ಪೋಷಕರು ಮತ್ತು ಅಂತರ್ಜಾಲದ ಮಾಹಿತಿ

ಗಮನದ ಕೊರತೆ, ಅತಿಚಟುವಟಿಕೆ, ದುಡುಕು - ಇವು ಮಕ್ಕಳಲ್ಲಿ ಕಂಡುಬರುವ ಎಡಿಎಚ್‌ಡಿಯ ಮುಖ್ಯ ಲಕ್ಷಣಗಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬೆಂಗಳೂರಿನ ನಿಮ್ಹಾನ್ಸ್ ದೂರವೇನಲ್ಲ. ಆದರೆ ಒಂದು ದಿನದ ದುಡಿಮೆ ಬಿಟ್ಟು ಹೋಗಬೇಕು. ಹಾಗಾಗಿ ಪೋಷಕರ ಮೊದಲ ವೈದ್ಯ ಬಹುತೇಕ ಕೈಯಲ್ಲಿರುವ ಮೊಬೈಲೇ.

ಆ ವೈದ್ಯನ ಮಾತು ಎಷ್ಟು ನಂಬಲರ್ಹ? ಟಿಕ್‌ಟಾಕ್‌ನಲ್ಲಿ ಜನಪ್ರಿಯವಾಗಿದ್ದ 100 ಎಡಿಎಚ್‌ಡಿ ವಿಡಿಯೊಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು, ಅವುಗಳಲ್ಲಿ 52 ದಾರಿ ತಪ್ಪಿಸುವಂಥವು ಎಂದಿತು. ಭಾರತ ಆ ಆ್ಯಪನ್ನು 2020ರಲ್ಲೇ ನಿಷೇಧಿಸಿದೆಯಾದರೂ ಅಂಥ ತುಣುಕುಗಳಿಗೆ ಬೇರೆ ದಾರಿಗಳಿವೆ.

ಅಮೆರಿಕದ ಮನೋವೈದ್ಯರ ಸಂಘದ 2013ರ ಮಾನದಂಡದಂತೆ ಲಕ್ಷಣಗಳು 12 ವರ್ಷಕ್ಕೆ ಮುನ್ನ ಆರಂಭವಾಗಿ, ಕನಿಷ್ಠ 6 ತಿಂಗಳು, ಮನೆ-ಶಾಲೆಗಳಂಥ ಎರಡು ಕಡೆಗಳಲ್ಲಾದರೂ ಕಾಣಿಸಬೇಕು. ಕಿವಿ ಮಂದವಾದ, ನಿದ್ದೆಗೆಟ್ಟ ಮಗುವೂ ಪಾಠದಲ್ಲಿ ಗಮನ ಕಳೆದುಕೊಳ್ಳುತ್ತದೆ. ಇದನ್ನು ಪರದೆಯ ಪ್ರಶ್ನಾವಳಿ ತಿಳಿಯದು, ತರಗತಿಯ ಶಿಕ್ಷಕರು ಬಲ್ಲರು.

ಹೆಚ್ಚಿನ ಅಪಾಯವಿರುವುದು ಔಷಧದ ವಿಷಯದಲ್ಲಿ. ಮಿಥೈಲ್‌ಫೆನಿಡೇಟ್ ಹಸಿವು, ನಿದ್ದೆಯನ್ನು ಕುಗ್ಗಿಸಬಹುದೆಂಬುದು ನಿಜ. ಅದನ್ನೋದಿ ತಾವೇ ಮಾತ್ರೆ ನಿಲ್ಲಿಸುವುದಕ್ಕಿಂತ, ಓದಿದ್ದನ್ನು ವೈದ್ಯರ ಮುಂದಿಡುವುದು ಮೇಲು. ಪ್ರಮಾಣವನ್ನೂ ವೇಳೆಯನ್ನೂ ಅವರು ಬದಲಿಸಬಲ್ಲರು. ಪ್ರಯಾಣ ಸಾಧ್ಯವಾಗದವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತ ಸಲಹೆ ದೊರೆಯುತ್ತದೆ.