ಮಿಡಿಯುವ ಬಿಂದು

ಕಾರವಾರದ ದಕ್ಷಿಣಕ್ಕೆ ಗುಡ್ಡದ ಮರೆಯಲ್ಲಿರುವ ಬೈತಖೋಲದ ಕೊಲ್ಲಿಯು ಹಡಗುಗಳಿಗೆ ಹಳೆಯ ಆಶ್ರಯವು. ಈ ಸೀಮೆಯ ಮೆಣಸನ್ನರಸಿ ಬಂದ ಆಂಗ್ಲರ ಕೋರ್ಟೀನ್ ಮಂಡಲಿಯು 1638ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆಯಿತು. ಆ ಮಂಡಲಿಗೆ ಪರವಾನಗಿಯನ್ನಿತ್ತವನು ಒಂದನೆಯ ಚಾರ್ಲ್ಸ್ ದೊರೆ. ಅದೇ ದೊರೆಗೆ ರಾಜವೈದ್ಯನಾದ ವಿಲಿಯಂ ಹಾರ್ವೆಯು ಜಿಂಕೆಯ ಗರ್ಭಕೋಶವನ್ನು ಸೀಳಿ, ಒಳಗೆ ಇನ್ನೂ ಮಿಡಿಯುತ್ತಿದ್ದ ಬಿಂದುವನ್ನು ತೋರಿಸಿದನು. ಭ್ರೂಣದ ಹೃದಯದ ಮೊದಲ ರೂಪವದು. 1649ರಲ್ಲಿ ಅರಸನ ಶಿರಚ್ಛೇದವಾಯಿತು. ಹಾರ್ವೆಯ ಗ್ರಂಥವು 1651ರಲ್ಲಿ ಹೊರಬಿದ್ದಿತು.

ಗರ್ಭದಲ್ಲಿ ಮೊದಲು ಮೂಡುವ ಅಂಗವಾವುದೆಂಬ ಪ್ರಶ್ನೆಯು ಹಾರ್ವೆಗಿಂತ ಬಹು ಹಳೆಯದು. ಅರಿಸ್ಟಾಟಲನು ಕೋಳಿಯ ಮೊಟ್ಟೆಗಳನ್ನು ಪರೀಕ್ಷಿಸಿ ಹೃದಯವೆಂದನು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಶೌನಕನು ತಲೆಯೆಂದೂ ಕೃತವೀರ್ಯನು ಹೃದಯವೆಂದೂ ಪಾರಾಶರ್ಯನು ನಾಭಿಯೆಂದೂ ವಾದಿಸುತ್ತಾರೆ. ಧನ್ವಂತರಿಯಾದರೋ, ಎಲ್ಲ ಅಂಗಗಳೂ ಒಮ್ಮೆಗೇ ಹುಟ್ಟುವುವು, ಎಳೆಯ ಮಾವಿನಲ್ಲಿ ನಾರು ತಿರುಳು ಓಟೆಗಳು ಬೇರೆಬೇರೆಯಾಗಿ ತೋರದಂತೆ ಸೂಕ್ಷ್ಮತೆಯಿಂದ ಕಾಣಿಸವು ಎನ್ನುತ್ತಾನೆ. ಅಂಕೋಲೆಯ ಇಶಾಡನ್ನು ಸವಿದವರಿಗೆ ಈ ಉಪಮೆಯು ಹಿಡಿಸದಿರದು. ಆದರೆ ಸೂಕ್ಷ್ಮದರ್ಶಕವು ಧನ್ವಂತರಿಯ ಪಕ್ಷವನ್ನು ವಹಿಸಲಿಲ್ಲ. ಅಂಗಗಳು ಒಂದೊಂದಾಗಿ ರೂಪುಗೊಳ್ಳುತ್ತವೆ. ಅವುಗಳಲ್ಲಿ ಮೊದಲು ಕೆಲಸಕ್ಕೆ ತೊಡಗುವುದು ಹೃದಯವೇ. ಇಕ್ಕೆಲದ ಎರಡು ನಳಿಕೆಗಳು ನಡುವೆ ಕೂಡಿ ಒಂದಾಗಿ, ರಕ್ತವು ಹರಿಯುವ ಮೊದಲೇ ಮಿಡಿಯತೊಡಗುತ್ತವೆ: ಕೋಳಿಯಲ್ಲಿ ಎರಡನೆಯ ದಿನ, ಮನುಷ್ಯನಲ್ಲಿ ನಾಲ್ಕನೆಯ ವಾರ. ಬಳಿಕ ಆ ನಳಿಕೆಯು ಬಾಗಿ ಕೋಣೆಗಳಾಗುವಾಗ ತಪ್ಪಿದರೆ ಕೂಸು ಹೃದಯದ ಊನದೊಡನೆ ಹುಟ್ಟುತ್ತದೆ. ಇಂದಿನ ಸಂಶೋಧಕರ ದುಡಿಮೆಯೆಲ್ಲ ಆ ತಪ್ಪಿನ ಮೂಲವನ್ನರಿಯಲಿಕ್ಕೆ.

ಅದಕ್ಕೆ ಜಿಂಕೆಯನ್ನು ಸೀಳಬೇಕಾಗಿಲ್ಲ. ಬೈತಖೋಲದ ಬಲೆಗೆ ಬೀಳುವ ಬಂಗಡೆಯ ಮೊಟ್ಟೆಯು ಗಾಜಿನಂತೆ ಪಾರದರ್ಶಕ.